ಹನ್ನೊಂದು ಅಳತೆಗಳಿಂದ ನೂರಿಪ್ಪತ್ತೆಂಟು ಸಂಖ್ಯೆಗಳವರೆಗೆ

ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯ ಕಡೆಗೆ ಹೋಗುವವರು ಎಂಟನೆಯ ಮೈಲಿಯ ಬಳಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವನ್ನು ನೋಡಿರಬಹುದು. ಅದೇ ರಸ್ತೆಯಲ್ಲಿ ಹೋಗುವವರು ಕಂಬಗಳ ಮೇಲಿನ ಪೊಲೀಸ್ ಕ್ಯಾಮೆರಾಗಳನ್ನೂ ನೋಡಿರುತ್ತಾರೆ. 2022ರ ಡಿಸೆಂಬರ್‌ನಲ್ಲಿ ನಗರದ 50 ಪ್ರಮುಖ ಕೂಡುರಸ್ತೆಗಳಲ್ಲಿ ವಾಹನಗಳ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳೂ ಕೆಂಪು ದೀಪ ದಾಟಿದವರನ್ನು ಪತ್ತೆ ಮಾಡುವ 80 ಕ್ಯಾಮೆರಾಗಳೂ ಕೆಲಸ ಆರಂಭಿಸಿದವು. ನಿರ್ಭಯಾ ನಿಧಿಯ ನೆರವಿನ ಸುರಕ್ಷಿತ ನಗರ ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು. ಅವುಗಳ ನಿಯಂತ್ರಣ ಕೇಂದ್ರ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಜನರ ಮುಖವನ್ನು ಗುರುತಿಸುವ ತಂತ್ರಾಂಶವೂ ಈ ವ್ಯವಸ್ಥೆಯಲ್ಲಿದೆ.

ಸಂಖ್ಯಾಶಾಸ್ತ್ರದ ಸಂಸ್ಥೆಗೂ ಕಂಬದ ಮೇಲಿನ ಕ್ಯಾಮೆರಾಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಹಳೆಯದು. ಕೃತಕ ಬುದ್ಧಿಮತ್ತೆ ಎಂದು ನಾವು ಇಂದು ಕರೆಯುತ್ತಿರುವ ವಿದ್ಯೆಯ ಬೇರುಗಳಲ್ಲಿ ಒಂದು, ಮನುಷ್ಯನ ದೇಹವನ್ನು ಅಳೆದು ಆತ ಯಾರೆಂದು ಹೇಳುವ ಹತ್ತೊಂಬತ್ತನೆಯ ಶತಮಾನದ ಪ್ರಯತ್ನದಲ್ಲಿದೆ. ಭೌತವಿಜ್ಞಾನ ಬೋಧಿಸುವ ನನಗೆ ಪೊಲೀಸರ ಕೆಲಸ ಹೊರಗಿನದು. ಆದರೆ ಅಳತೆ, ಅಳತೆಯ ದೋಷ ಇವೆರಡೂ ನಮ್ಮ ಮನೆಯ ವಿಷಯ. ಆ ಧೈರ್ಯದಿಂದ ಈ ಚರಿತ್ರೆಯನ್ನು ಹೇಳುತ್ತಿದ್ದೇನೆ.

ಪ್ಯಾರಿಸ್ ಪೊಲೀಸ್ ಕಚೇರಿಯಲ್ಲಿ 1879ರಲ್ಲಿ ಗುಮಾಸ್ತನಾಗಿ ಸೇರಿದ ಆಲ್ಫೋನ್ಸ್ ಬೆರ್ಟಿಲಾನ್‌ಗೆ ಒಂದು ತೊಂದರೆ ಎದುರಾಯಿತು. ಹಿಂದೆ ಶಿಕ್ಷೆ ಅನುಭವಿಸಿದವನು ಹೆಸರು ಬದಲಿಸಿಕೊಂಡು ಮತ್ತೆ ಸಿಕ್ಕಿಬಿದ್ದರೆ ಅವನನ್ನು ಗುರುತಿಸುವುದು ಹೇಗೆ? ಬೆಳೆದ ಮನುಷ್ಯನ ಮೂಳೆಗಳ ಉದ್ದ ಬದಲಾಗುವುದಿಲ್ಲ ಎಂಬುದನ್ನು ಆಧಾರವಾಗಿಟ್ಟುಕೊಂಡು ಅವನು ತಲೆಯ ಉದ್ದ, ತಲೆಯ ಅಗಲ, ಎಡಗೈಯ ನಡುಬೆರಳು, ಮುಂಗೈ, ಎಡಪಾದ ಹೀಗೆ ಹನ್ನೊಂದು ಅಳತೆಗಳನ್ನು ಆರಿಸಿದ. ಪ್ರತಿ ಅಳತೆಯನ್ನೂ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಭಾಗ ಮಾಡಿದರೆ ಎಷ್ಟು ಖಾನೆಗಳಾಗುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಮೂರನ್ನು ಹನ್ನೊಂದು ಸಲ ಗುಣಿಸಿದರೆ 1,77,147. ಇಷ್ಟು ಖಾನೆಗಳಿದ್ದರೆ ಇಬ್ಬರು ಒಂದೇ ಖಾನೆಗೆ ಬೀಳುವುದು ಅಪರೂಪ ಎನಿಸುತ್ತದೆ. 1883ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಈ ಪದ್ಧತಿ ಫಲ ಕೊಡತೊಡಗಿತು.

ಲೆಕ್ಕದಲ್ಲಿ ಒಂದು ಹುಳುಕಿತ್ತು. ಎತ್ತರದ ಮನುಷ್ಯನ ಮುಂಗೈ ಸಾಮಾನ್ಯವಾಗಿ ಉದ್ದವಾಗಿಯೇ ಇರುತ್ತದೆ, ಪಾದವೂ ಹಾಗೆಯೇ. ಅಂದರೆ ಹನ್ನೊಂದು ಅಳತೆಗಳು ಹನ್ನೊಂದು ಸ್ವತಂತ್ರ ಸಾಕ್ಷಿಗಳಲ್ಲ. ಒಬ್ಬ ಸಾಕ್ಷಿ ಹೇಳಿದ್ದನ್ನೇ ಇನ್ನೊಬ್ಬ ಪುನರುಚ್ಚರಿಸುತ್ತಾನೆ. ಇದನ್ನು ಗುರುತಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಮುಂಗೈ ಮತ್ತು ಎತ್ತರಗಳಂಥ ಅಳತೆಗಳ ನಡುವಿನ ನಂಟನ್ನು ಸಂಖ್ಯೆಯಲ್ಲಿ ಹೇಳುವ ಸಹಸಂಬಂಧದ ಕಲ್ಪನೆಯನ್ನು ಅವರು 1888ರಲ್ಲಿ ಮಂಡಿಸಿದರು. ಇಂದು ಪಿ.ಯು. ವಿದ್ಯಾರ್ಥಿಗಳೂ ಲೆಕ್ಕ ಹಾಕುವ ಸಹಸಂಬಂಧ ಗುಣಾಂಕ ಹುಟ್ಟಿದ್ದು ಹೀಗೆ.

ಎರಡನೆಯ ಹುಳುಕು ಇನ್ನೂ ಸರಳ. ಅಳತೆ ಅಳೆಯುವವನನ್ನು ಅವಲಂಬಿಸಿರುತ್ತದೆ. ನಾನು ಪದವಿ ತರಗತಿಯಲ್ಲಿ ದೋಷ ವಿಶ್ಲೇಷಣೆ ಆರಂಭಿಸುವಾಗ ವಿದ್ಯಾರ್ಥಿಗಳಿಗೆ ಪರಸ್ಪರರ ಮುಂಗೈಯನ್ನು ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆಯಲು ಹೇಳುತ್ತೇನೆ. ಒಂದೇ ಕೈಯನ್ನು ಐವರು ಅಳೆದರೆ ಐದು ಉತ್ತರ ಬರುತ್ತವೆ. ಮೇಜಿನ ಉದ್ದ ಅಳೆಯುವಾಗ ಇಷ್ಟು ಜಗಳವಿರುವುದಿಲ್ಲ. ಅಧ್ಯಾಪಕರು ಇದನ್ನು ಮಾಡಿ ನೋಡಬೇಕು, ಖರ್ಚು ಒಂದು ಟೇಪಿನದು ಮಾತ್ರ.

ಇದೇ ತೊಂದರೆ ಬಂಗಾಳದ ಪೊಲೀಸರಿಗೂ ಎದುರಾಯಿತು. 1891ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರಾದ ಎಡ್ವರ್ಡ್ ಹೆನ್ರಿ ಬೆರ್ಟಿಲಾನ್ ಪದ್ಧತಿಯನ್ನು ಜಾರಿಗೆ ತಂದರು. ಆದರೆ ಬೇರೆ ಬೇರೆ ಠಾಣೆಗಳ ಸಿಬ್ಬಂದಿ ತೆಗೆದ ಅಳತೆಗಳು ಪರಸ್ಪರ ಹೊಂದಲಿಲ್ಲ. ಪರ್ಯಾಯವೊಂದು ಬಂಗಾಳದಲ್ಲೇ ಇತ್ತು. 1858ರಲ್ಲಿ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಅಂಗೈಯ ಗುರುತು ಪಡೆದಿದ್ದರು. ಮುಂದೆ ಬೆರಳಚ್ಚುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ವಯಸ್ಸಾದರೂ ಅವು ಬದಲಾಗುವುದಿಲ್ಲ ಎಂದು ಕಂಡುಕೊಂಡರು. (ಭೌತವಿಜ್ಞಾನದವರಿಗೆ ಒಂದು ಸ್ವಾರಸ್ಯ: ಈ ಹರ್ಷೆಲ್ ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ. ಅವರ ತಂದೆ ಜಾನ್ ಹರ್ಷೆಲ್ ಮನುಷ್ಯರ ಅಳತೆಗಳ ಅಂಕಿಅಂಶಗಳನ್ನು ಕುರಿತು 1850ರಲ್ಲಿ ಬರೆದ ಪ್ರಬಂಧವನ್ನು ಮ್ಯಾಕ್ಸ್‌ವೆಲ್ ಓದಿದ್ದರು. ಅನಿಲದ ಅಣುಗಳ ವೇಗಗಳ ಹಂಚಿಕೆಯ ನಿಯಮಕ್ಕೆ ಅಲ್ಲಿಂದ ಸುಳಿವು ಸಿಕ್ಕಿತೆಂದು ವಿಜ್ಞಾನದ ಚರಿತ್ರಕಾರರು ಹೇಳುತ್ತಾರೆ.)

ಬೆರಳಚ್ಚು ಇದ್ದರೆ ಸಾಲದು, ಸಾವಿರಾರು ಚೀಟಿಗಳ ನಡುವೆ ಬೇಕಾದುದನ್ನು ಹುಡುಕುವ ದಾರಿ ಬೇಕು. ಆ ದಾರಿ ಕಂಡುಹಿಡಿದವರು ಹೆನ್ರಿಯವರ ಕೈಕೆಳಗಿದ್ದ ಇಬ್ಬರು ಭಾರತೀಯರು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಮಾತ್ರ ಹೆನ್ರಿಯ ಹೆಸರೇ ಉಳಿಯಿತು. ಅದರ ಗಣಿತ ಸೊಗಸಾಗಿದೆ. ಬೆರಳಿನ ಗೆರೆಗಳಲ್ಲಿ ಸುಳಿ ಇದೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಹತ್ತು ಬೆರಳುಗಳನ್ನು ಎರಡೆರಡರ ಐದು ಜೋಡಿ ಮಾಡಿ, ಸುಳಿ ಇರುವ ಬೆರಳಿಗೆ ಜೋಡಿಯ ಸ್ಥಾನಕ್ಕೆ ತಕ್ಕಂತೆ 16, 8, 4, 2, 1 ಎಂಬ ಬೆಲೆ, ಇಲ್ಲದ ಬೆರಳಿಗೆ ಸೊನ್ನೆ. ಪ್ರತಿ ಜೋಡಿಯ ಒಂದೊಂದು ಬೆರಳನ್ನು ಅಂಶಕ್ಕೂ ಇನ್ನೊಂದನ್ನು ಛೇದಕ್ಕೂ ಸೇರಿಸಿ ಕೂಡಿದರೆ, ಎರಡಕ್ಕೂ ಒಂದೊಂದು ಸೇರಿಸಿದ ಮೇಲೆ, 1ರಿಂದ 32ರವರೆಗಿನ ಎರಡು ಸಂಖ್ಯೆಗಳು ಸಿಗುತ್ತವೆ. 32 ಸಾಲು, 32 ಕಂಬದ ಬೀರುವಿನಲ್ಲಿ ಒಟ್ಟು 1,024 ಗೂಡುಗಳು. ಕಂಪ್ಯೂಟರ್ ಕಲಿತವರಿಗೆ ಇದು ಹತ್ತು ಬಿಟ್‌ಗಳ ದ್ವಿಮಾನ ಸಂಕೇತವೆಂದು ಕೂಡಲೇ ತಿಳಿಯುತ್ತದೆ. ಕಂಪ್ಯೂಟರಿನ ಹೆಸರೂ ಇಲ್ಲದ ಕಾಲದಲ್ಲಿ ಕಲ್ಕತ್ತದ ಮರದ ಬೀರುವಿನಲ್ಲಿ ಅದು ಕೆಲಸ ಮಾಡುತ್ತಿತ್ತು.

ಭಾರತದ ಸರ್ವೇಯರ್ ಜನರಲ್ ಆಗಿದ್ದ ಸ್ಟ್ರಾಹನ್ ಹಾಗೂ ಪ್ರೆಸಿಡೆನ್ಸಿ ಕಾಲೇಜಿನ ರಸಾಯನಶಾಸ್ತ್ರಜ್ಞ ಪೆಡ್ಲರ್ ಇವರ ಸಮಿತಿ ಎರಡೂ ಪದ್ಧತಿಗಳನ್ನು ಪರಿಶೀಲಿಸಿ ಬೆರಳಚ್ಚಿನ ಪರವಾಗಿ ವರದಿ ಕೊಟ್ಟಿತು. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ವಿಭಾಗ ಆರಂಭವಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದನ್ನು ಅನುಸರಿಸಿದ್ದು 1901ರಲ್ಲಿ. ಗೆದ್ದದ್ದು ಏಕೆ ಎಂಬುದನ್ನು ಗಮನಿಸಬೇಕು. ಮುಂಗೈಯ ಉದ್ದ ನಿರಂತರ ರಾಶಿ, ಅದರಲ್ಲಿ ‘ಹೆಚ್ಚುಕಡಿಮೆ ಅಷ್ಟೇ’ ಎಂಬ ಮಾತಿಗೆ ಸದಾ ಜಾಗವಿದೆ. ಸುಳಿ ಇದೆ ಅಥವಾ ಇಲ್ಲ ಎಂಬುದರಲ್ಲಿ ಆ ಜಾಗ ತೀರ ಕಡಿಮೆ.

ಮರುವರ್ಷ, 1898ರಲ್ಲಿ, ಜಲ್ಪಾಯ್‌ಗುಡಿಯ ಚಹಾ ತೋಟದ ವ್ಯವಸ್ಥಾಪಕನ ಕೊಲೆ ಪ್ರಕರಣದಲ್ಲಿ ಪಂಚಾಂಗದ ಪುಟದ ಮೇಲಿದ್ದ ಬೆರಳ ಗುರುತು ಸಾಕ್ಷ್ಯವಾಯಿತು. ಆರೋಪಿಗೆ ಕಳವಿಗಾಗಿ ಮಾತ್ರ ಶಿಕ್ಷೆಯಾಯಿತು, ಕೊಲೆಗಾಗಿ ಆಗಲಿಲ್ಲ. ಬೆರಳು ಆ ಪುಟವನ್ನು ಮುಟ್ಟಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಆ ಗುರುತು ಹೇಳುವುದಿಲ್ಲ ಎಂಬ ಎಚ್ಚರ ಅಂದಿನ ನ್ಯಾಯಾಲಯಕ್ಕಿತ್ತು.

ಇವನು ಅವನೇ ಹೌದೋ ಎಂಬುದು ಒಂದು ಪ್ರಶ್ನೆ. ಇವನು ಅಪರಾಧ ಮಾಡುವ ಬಗೆಯವನೋ ಎಂಬುದು ಬೇರೆ ಪ್ರಶ್ನೆ. ನಮ್ಮ ದೇಶದಲ್ಲಿ ಎರಡನೆಯ ಪ್ರಶ್ನೆಗೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಳತೆಯ ಗೋಜಿಲ್ಲದೆ ಉತ್ತರ ಕೊಟ್ಟುಬಿಟ್ಟಿತ್ತು: ಹುಟ್ಟಿನಿಂದಲೇ ಹೌದು. ಮುಂದೆ ಬಂದ 1911 ಮತ್ತು 1924ರ ಕಾಯಿದೆಗಳು ದಾಖಲಾತಿಯಲ್ಲಿ ಹೆಸರಿರುವವರ ಬೆರಳಚ್ಚು ತೆಗೆಯುವ ಅಧಿಕಾರವನ್ನೂ ಕೊಟ್ಟವು. ಕರ್ನಾಟಕದಲ್ಲಿ ಇದರ ಗುರುತು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿದೆ. ಅಂದಿನ ಮುಂಬಯಿ ಸರಕಾರ ಕೊರವ, ಹರಣಶಿಕಾರಿ ಮುಂತಾದ ಸಮುದಾಯಗಳ ಕುಟುಂಬಗಳನ್ನು ತಂದು ಬೇಲಿಯೊಳಗೆ ಇರಿಸಿತು. ಅವರು ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಹುಬ್ಬಳ್ಳಿಯ ಆ ಬಡಾವಣೆಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. 1952ರ ಆಗಸ್ಟ್‌ನಲ್ಲಿ ಕಾಯಿದೆ ರದ್ದಾಗಿ ಆ ಜನ ‘ವಿಮುಕ್ತ’ರೆನಿಸಿಕೊಂಡರು. ಹೀಗೆ ಒಂದೇ ಬೆರಳಚ್ಚು ಒಂದು ಕಡೆ ತಪ್ಪು ಗುರುತನ್ನು ತಪ್ಪಿಸುವ ಸಾಧನವಾಯಿತು, ಇನ್ನೊಂದು ಕಡೆ ಏನೂ ಮಾಡದವರನ್ನು ಕಡತದೊಳಗೆ ಸೇರಿಸುವ ಸಾಧನವಾಯಿತು. ಶಾಯಿ ಒಂದೇ, ಪಟ್ಟಿ ಮಾಡಿದ ಉದ್ದೇಶ ಬೇರೆ.

ಈಗ ಮೈಸೂರು ರಸ್ತೆಯ ಸಂಸ್ಥೆಗೆ ಬರೋಣ. ಅದರ ಸ್ಥಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಕಲ್ಕತ್ತದ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ವಿಶ್ಲೇಷಿಸಿದ ಅವರ ಪ್ರಬಂಧ 1922ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳು ಎಷ್ಟು ದೂರ, ಎಷ್ಟು ಹತ್ತಿರ ಎಂಬುದನ್ನು ಅಳೆಯಲು ಅವರು 1936ರಲ್ಲಿ ಕೊಟ್ಟ ಸೂತ್ರ ಇಂದು ಮಹಲನೋಬಿಸ್ ದೂರ ಎಂದು ಪ್ರಸಿದ್ಧ. ಎತ್ತರದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ ಸಾಮಾನ್ಯ, ನಡುಬೆರಳಿನಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ ಬಹಳ ದೊಡ್ಡದು. ಈ ಸೂತ್ರ ಪ್ರತಿ ಅಳತೆಯನ್ನೂ ಅದರ ಸಹಜ ಚೆದರಿಕೆಯಿಂದ ತೂಗುತ್ತದೆ, ಸಹಸಂಬಂಧವನ್ನೂ ಕಳೆದುಬಿಡುತ್ತದೆ. ಬೆರ್ಟಿಲಾನನ ಲೆಕ್ಕದಲ್ಲಿ ಗಾಲ್ಟನ್ ಕಂಡ ಹುಳುಕಿಗೆ ಪೂರ್ಣ ಗಣಿತೀಯ ಉತ್ತರ ಇದೇ ಎಂದು ನನ್ನ ಅಭಿಪ್ರಾಯ.

ಈ ಕೆಲಸವನ್ನು ಮುಂದಕ್ಕೆ ಒಯ್ದವರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. 1941ರಲ್ಲಿ ಸಂಯುಕ್ತ ಪ್ರಾಂತದಲ್ಲಿ ಮಜುಂದಾರ್ ನಡೆಸಿದ ದೇಹಮಾಪನ ಸಮೀಕ್ಷೆಯ ಅಂಕಿಗಳನ್ನು ಮಹಲನೋಬಿಸ್ ಮತ್ತು ರಾವ್ ವಿಶ್ಲೇಷಿಸಿದರು. ಅಳತೆಗೊಳಗಾದ ಗುಂಪುಗಳಲ್ಲಿ ಅಪರಾಧಿ ಬುಡಕಟ್ಟೆಂದು ಸರಕಾರ ಹಣೆಪಟ್ಟಿ ಹಚ್ಚಿದ್ದ ಭಾತು ಸಮುದಾಯವೂ ಇತ್ತು. ಇವರ ಉದ್ದೇಶ ಮಾನವಶಾಸ್ತ್ರದ್ದು, ಪೊಲೀಸರದ್ದಲ್ಲ. ಆದರೂ ಆಡಳಿತ ಕೊಟ್ಟ ಹೆಸರು ವಿಜ್ಞಾನದ ಕೋಷ್ಟಕದೊಳಗೆ ಎಷ್ಟು ಸಲೀಸಾಗಿ ಬಂದು ಕೂರುತ್ತದೆ ನೋಡಿ. ಅನೇಕ ಅಳತೆಗಳಿಂದ ಒಬ್ಬ ವ್ಯಕ್ತಿಯನ್ನು ಹಲವು ಗುಂಪುಗಳಲ್ಲಿ ಯಾವುದಕ್ಕೆ ಸೇರಿಸಬೇಕು ಎಂಬುದನ್ನು ಕುರಿತ ರಾವ್ ಅವರ ಪ್ರಬಂಧ 1948ರದು. ಅಂಕಿಗಳನ್ನು ನೋಡಿ ಯಂತ್ರ ವರ್ಗೀಕರಣ ಕಲಿಯುವ ವಿದ್ಯೆಯ ಅಡಿಪಾಯದಲ್ಲಿ ಅದೂ ಒಂದು ಕಲ್ಲು.

ಮುಖದ ಕಥೆಯನ್ನು ಬೇಗ ಹೇಳಬಹುದು. 1960ರ ದಶಕದಲ್ಲಿ ಅಮೆರಿಕದ ವುಡಿ ಬ್ಲೆಡ್‌ಸೋ ಫೋಟೋಗಳಲ್ಲಿ ಕಣ್ಣು, ಬಾಯಿಗಳ ಸ್ಥಾನವನ್ನು ಕೈಯಿಂದ ಗುರುತಿಸಿ, ಅವುಗಳ ನಡುವಿನ ಅಂತರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿದ. 2015ರಲ್ಲಿ ಗೂಗಲ್ ವಿಜ್ಞಾನಿಗಳು ಪ್ರಕಟಿಸಿದ ಫೇಸ್‌ನೆಟ್ ಒಂದು ಮುಖವನ್ನು 128 ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಯಾವ ಸಂಖ್ಯೆ ಮುಖದ ಯಾವ ಭಾಗದ್ದು ಎಂದು ಯಾರೂ ಹೇಳಿಕೊಟ್ಟಿಲ್ಲ, ಅಸಂಖ್ಯ ಚಿತ್ರಗಳಿಂದ ಯಂತ್ರವೇ ಕಲಿಯುತ್ತದೆ. ಎರಡು ಮುಖಗಳ ಸಂಖ್ಯೆಗಳ ನಡುವಿನ ದೂರ ಒಂದು ಮಿತಿಗಿಂತ ಕಡಿಮೆಯಿದ್ದರೆ ಇಬ್ಬರೂ ಒಬ್ಬರೇ ಎಂದು ತೀರ್ಮಾನ.

ಇಲ್ಲಿಯೇ ಓದುಗರು ನಿಂತು ಯೋಚಿಸಬೇಕು. ನಾವು ಬೆರ್ಟಿಲಾನನ ಬಳಿಗೆ ಮರಳಿದ್ದೇವೆ. ಹನ್ನೊಂದರ ಜಾಗದಲ್ಲಿ 128, ಟೇಪಿನ ಜಾಗದಲ್ಲಿ ಕ್ಯಾಮೆರಾ. ಆದರೆ ರಾಶಿ ಮತ್ತೆ ನಿರಂತರವಾಗಿದೆ, ‘ಹೆಚ್ಚುಕಡಿಮೆ ಅಷ್ಟೇ’ ಮರಳಿ ಬಂದಿದೆ. ಮಿತಿಯನ್ನು ಇಡುವವರು ಯಾರು? ಮುಖಗಳ ಹೋಲಿಕೆ ಶೇ. 80ಕ್ಕಿಂತ ಹೆಚ್ಚಿದ್ದರೆ ಅದನ್ನು ಹೊಂದಾಣಿಕೆಯೆಂದು ಪರಿಗಣಿಸುವುದಾಗಿ ದೆಹಲಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಗೆ ಕೊಟ್ಟ ಉತ್ತರ 2022ರಲ್ಲಿ ಹೊರಬಂದಿತು. ಎಂಬತ್ತೇ ಏಕೆ, ಎಪ್ಪತ್ತೋ ತೊಂಬತ್ತೋ ಏಕಲ್ಲ ಎಂಬುದು ಪ್ರಕೃತಿಯ ನಿಯಮದಿಂದ ಬರುವುದಿಲ್ಲ.

ಮಿತಿ ಚೆನ್ನಾಗಿದ್ದರೂ ಒಂದು ಲೆಕ್ಕ ಉಳಿಯುತ್ತದೆ. ದಿನಕ್ಕೆ ಒಂದು ಲಕ್ಷ ಜನ ಓಡಾಡುವ ನಿಲ್ದಾಣವನ್ನು ಊಹಿಸಿ. ಅವರಲ್ಲಿ ಪೊಲೀಸರಿಗೆ ಬೇಕಾದವರು ಹತ್ತು ಜನ. ಯಂತ್ರ ಆ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ, ಉಳಿದವರಲ್ಲಿ ಸಾವಿರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ತೋರಿಸುತ್ತದೆ ಎನ್ನೋಣ. ಕೇಳಲು ಬಹಳ ಒಳ್ಳೆಯ ಯಂತ್ರ. ಗಂಟೆ ಬಾರಿಸುವುದು ಸುಮಾರು 109 ಸಲ. ಅದರಲ್ಲಿ ಸರಿಯಾದದ್ದು ಒಂಬತ್ತು. ಉಳಿದ ನೂರು ಜನ ಕೆಲಸಕ್ಕೋ ಕಾಲೇಜಿಗೋ ಹೊರಟವರು.

ಆ ನೂರು ಜನ ಯಾರು ಎಂಬುದೂ ಆಕಸ್ಮಿಕವಲ್ಲ. ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ತಂತ್ರಾಂಶಗಳನ್ನು 2018ರಲ್ಲಿ ಪರೀಕ್ಷಿಸಿದಾಗ, ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಶೇ. 0.8ನ್ನು ಮೀರಲಿಲ್ಲ, ಕಪ್ಪು ಚರ್ಮದ ಹೆಂಗಸರಲ್ಲಿ ಅದು ಶೇ. 34.7ರವರೆಗೆ ಹೋಯಿತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಕಪ್ಪು ವರ್ಣದ ಗೃಹಸ್ಥನೊಬ್ಬನನ್ನು ಅವನ ಮನೆಯ ಮುಂದೆಯೇ, ಹೆಂಡತಿ ಮಕ್ಕಳ ಎದುರಿಗೆ, ಗಡಿಯಾರದ ಕಳವಿನ ಆರೋಪದ ಮೇಲೆ ಬಂಧಿಸಿದರು. ಯಂತ್ರ ಅವನ ಹಳೆಯ ಚಿತ್ರವನ್ನು ಕಳ್ಳನ ಮಸುಕು ಚಿತ್ರಕ್ಕೆ ಹೊಂದಿಸಿತ್ತು. ಅವನು ಸುಮಾರು ಮೂವತ್ತು ಗಂಟೆ ಬಂಧನದಲ್ಲಿದ್ದ. ಬೆರಳಚ್ಚೂ ಇದಕ್ಕೆ ಹೊರತಲ್ಲ. 2004ರ ಮ್ಯಾಡ್ರಿಡ್ ಸ್ಫೋಟದ ತನಿಖೆಯಲ್ಲಿ ಕಂಪ್ಯೂಟರ್ ಕೊಟ್ಟ ಇಪ್ಪತ್ತು ಹೆಸರುಗಳಲ್ಲಿ ಒಂದನ್ನು ಅಮೆರಿಕದ ತಜ್ಞರು ಖಚಿತವೆಂದು ಹೇಳಿ ನಿರಪರಾಧಿ ವಕೀಲರೊಬ್ಬರನ್ನು ಎರಡು ವಾರ ಬಂಧನದಲ್ಲಿಟ್ಟರು. ಭಂಡಾರ ದೊಡ್ಡದಾದಷ್ಟೂ ಹೋಲುವ ಅನ್ಯರು ಸಿಗುವ ಸಾಧ್ಯತೆ ಹೆಚ್ಚುತ್ತದೆ.

ನಮ್ಮ ಭಂಡಾರವೂ ದೊಡ್ಡದಾಗುತ್ತಿದೆ. 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸ್ವಯಂಚಾಲಿತ ಬೆರಳಚ್ಚು ವ್ಯವಸ್ಥೆಯ ಉದ್ಘಾಟನೆಯಾಯಿತು. ಅದೇ ತಿಂಗಳು ಜಾರಿಗೆ ಬಂದ ಅಪರಾಧ ಪ್ರಕ್ರಿಯೆಯ ಗುರುತು ಕಾಯಿದೆ 1920ರ ಕೈದಿಗಳ ಗುರುತು ಕಾಯಿದೆಯ ಜಾಗದಲ್ಲಿ ಬಂದಿದೆ. ಶಿಕ್ಷೆಯಾದವರಷ್ಟೇ ಅಲ್ಲ, ಬಂಧಿತರಾದವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಸಂಗ್ರಹಿಸಿದ್ದನ್ನು 75 ವರ್ಷ ಇಡಬಹುದು. ವಿಚಾರಣೆಯಿಲ್ಲದೆ ಬಿಡುಗಡೆಯಾದ ಅಥವಾ ಖುಲಾಸೆಯಾದ, ಹಿಂದೆ ಶಿಕ್ಷೆಯಾಗದ ವ್ಯಕ್ತಿಯ ದಾಖಲೆಯನ್ನು ಮಾತ್ರ, ನ್ಯಾಯಾಲಯ ಬೇರೆ ಆದೇಶ ಕೊಡದಿದ್ದರೆ, ನಾಶ ಮಾಡಬೇಕು. ಇದಕ್ಕೆ ಐದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹೊಸ ಕಾಯಿದೆಯಲ್ಲಿ ಬೆರಳಚ್ಚು, ಕಣ್ಣಿನ ಪಾಪೆ, ಸಹಿ, ಕೈಬರಹ ಎಲ್ಲಕ್ಕೂ ಸೇರಿ ಒಂದೇ ಹೆಸರಿದೆ: ಅಳತೆಗಳು. ನನ್ನ ವಿದ್ಯಾರ್ಥಿಗಳು ಮುಂಗೈ ಅಳೆದು ಫಲಿತಾಂಶ ಬರೆಯುವಾಗ ಅದರ ಮುಂದೆ ಕೂಡು-ಕಳೆ ಚಿಹ್ನೆ ಹಾಕಿ ದೋಷವನ್ನೂ ಬರೆಯದಿದ್ದರೆ ನಾನು ಅಂಕ ಕೊಡುವುದಿಲ್ಲ.