ಇಲಿ ಆರಿಸುವುದು ನಾಲಗೆಯಿಂದ ಮಾತ್ರವೇ?

ಪಂಜರಕ್ಕೆ ಎರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆಯದೋ ಸ್ಯಾಕರಿನ್ನಿನದೋ ದ್ರಾವಣ. ಒಂದೆರಡು ದಿನ ಬಿಟ್ಟು, ಯಾವುದು ಎಷ್ಟು ಖಾಲಿಯಾಗಿದೆ ಎಂದು ಅಳೆಯುತ್ತಾರೆ. ಕೆಲವು ಇಲಿಗಳಿಗೆ ಒಂದೇ ಪಕ್ಕದ ಬಾಟಲಿಗೆ ಬಾಯಿ ಹಾಕುವ ಚಾಳಿ ಇರುವುದರಿಂದ ನಡುವೆ ಬಾಟಲಿಗಳ ಜಾಗ ಬದಲಿಸುತ್ತಾರೆ. ಇಲಿಯ ರುಚಿ ಮತ್ತು ಆನುವಂಶಿಕತೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಬಂದಿರುವುದು ಈ ಸಲಕರಣೆಯಿಂದಲೇ.

1959ರಲ್ಲಿ ಮೆಕ್‌ಕ್ಲರ್ನ್ ಮತ್ತು ರಾಜರ್ಸ್ ಎಂಬ ಅಮೆರಿಕದ ಸಂಶೋಧಕರು ಒಳಸಂಕರಣದ ತಳಿಗಳ ಮುಂದೆ ನೀರಿನ ಜೊತೆ ಮದ್ಯಸಾರವನ್ನೂ ಇಟ್ಟರು. ಸಿ57ಬಿಎಲ್ ತಳಿ ಅದನ್ನು ಇಷ್ಟಪಟ್ಟು ಕುಡಿಯಿತು, ಡಿಬಿಎ ತಳಿ ದೂರವಿಟ್ಟಿತು. ಒಂದು ತಳಿಯ ಇಲಿಗಳೆಲ್ಲ ಬಹುತೇಕ ಅವಳಿಗಳಂತೆ. ಸಾಕಣೆ ಒಂದೇ ಆದಾಗಲೂ ತಳಿಗಳ ನಡುವೆ ಭೇದ ಉಳಿದರೆ ಅದರ ಬೇರು ವಂಶವಾಹಿಯಲ್ಲಿರಬೇಕು. ಇದೇ ಎರಡು ತಳಿಗಳನ್ನು ಕೂಡಿಸಿ ಸ್ಯಾಕರಿನ್ ಕುಡಿಸಿದ ಜಾನ್ ಫುಲ್ಲರ್, ಸಿಹಿಯ ಒಲವು ಮುಖ್ಯವಾಗಿ ವರ್ಣತಂತುವಿನ ಒಂದೇ ತಾಣದ ಹಿಡಿತದಲ್ಲಿದೆ ಎಂದು 1974ರಲ್ಲಿ ವಾದಿಸಿದರು. ಆ ತಾಣಕ್ಕೆ ‘ಸ್ಯಾಕ್’ ಎಂಬ ಹೆಸರು ಬಂತು. ಅದು 4ನೇ ವರ್ಣತಂತುವಿನ ತುದಿಯಲ್ಲಿದೆ ಎಂದು ಆಮೇಲೆ ತಿಳಿಯಿತು. ವಂಶವಾಹಿ ಮಾತ್ರ ಕೈಗೆ ಸಿಕ್ಕಿದ್ದು 2001ರಲ್ಲಿ, ಹಲವು ಪ್ರಯೋಗಾಲಯಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ. ಅದು ರೂಪಿಸುವ ಟಿ1ಆರ್3 ಎಂಬ ಪ್ರೋಟೀನು ಟಿ1ಆರ್2 ಜೊತೆ ಸೇರಿದರೆ ಸಿಹಿಯ ಗ್ರಾಹಕ, ಟಿ1ಆರ್1 ಜೊತೆ ಸೇರಿದರೆ ಉಮಾಮಿಯದು. ಬಾಟಲಿ ಅಳೆದು ಫುಲ್ಲರ್ ಮಾಡಿದ ಊಹೆ ಅಣುವಿನ ಮಟ್ಟದಲ್ಲೂ ನಿಂತದ್ದು ಈ ಕ್ಷೇತ್ರದ ಅತಿ ಸುಂದರ ಅಧ್ಯಾಯವೆಂದು ನನಗನ್ನಿಸುತ್ತದೆ.

ಇನ್ನೂ ಚಮತ್ಕಾರದ ಕೆಲಸ ಚಾರ್ಲ್ಸ್ ಜುಕರ್ ಮತ್ತು ನಿಕೋಲಸ್ ರೀಬಾ ಅವರ ತಂಡಗಳದು. ಇಲಿಗೆ ರುಚಿಯೇ ಇಲ್ಲದ ಒಂದು ರಾಸಾಯನಿಕಕ್ಕೆ ಸ್ಪಂದಿಸುವ ಗ್ರಾಹಕವನ್ನು 2003ರಲ್ಲಿ ಅವರು ಸಿಹಿಯ ಕೋಶಗಳಿಗೆ ಸೇರಿಸಿದರು. ಇಲಿಗಳು ಅದಕ್ಕೆ ಮುಗಿಬಿದ್ದವು. ಅದೇ ಗ್ರಾಹಕವನ್ನು ಕಹಿಯ ಕೋಶಗಳಿಗೆ ಹಾಕಿದಾಗ ಮುಖ ತಿರುಗಿಸಿದವು. ಒಲವು ಹುಟ್ಟುವುದು ವಸ್ತುವಿನ ಗುಣದಿಂದಲ್ಲ, ಅದು ಯಾವ ಕೋಶವನ್ನು ಎಬ್ಬಿಸುತ್ತದೆ ಎಂಬುದರಿಂದ. ನಮಗೆ ಸಿಹಿಯೆನಿಸುವ ಆಸ್ಪರ್ಟೇಮ್ ಸಾಮಾನ್ಯ ಇಲಿಗೆ ಸಪ್ಪೆ. ಮನುಷ್ಯರ ಟಿ1ಆರ್2 ಪಡೆದ ಇಲಿಗೆ ಮಾತ್ರ ಅದು ಸಿಹಿಯಾಯಿತು.

ಆದರೆ ಆಹಾರವೆಂದರೆ ಸಿಹಿನೀರಲ್ಲ. ಲೂಯಿಸಿಯಾನಾದ ಪೆನ್ನಿಂಗ್ಟನ್ ಸಂಸ್ಥೆಯಲ್ಲಿ ಇಲಿಗಳಿಗೆ ಕೊಬ್ಬು ಮತ್ತು ಪಿಷ್ಟದ ಆಹಾರಗಳನ್ನು ಬೇರೆಬೇರೆಯಾಗಿ ಒಡ್ಡಿದಾಗ ಸಿ57ಬಿಎಲ್ ಕೊಬ್ಬಿನತ್ತ, ಕ್ಯಾಸ್ಟ್ ತಳಿ ಪಿಷ್ಟದತ್ತ ವಾಲಿತು. ಇಲ್ಲಿ ಒಂಟಿ ವಂಶವಾಹಿಯ ಕಥೆ ನಡೆಯಲಿಲ್ಲ. ಹಲವು ವರ್ಣತಂತುಗಳ ಕೈವಾಡ ಕಂಡಿತು.

ನಾಲಗೆಯ ಏಕಸ್ವಾಮ್ಯ ಪೂರ್ತಿ ಮುರಿದದ್ದು 2008ರಲ್ಲಿ. ಸಿಹಿಯೇ ತಿಳಿಯದಂತೆ ಮಾಡಿದ ಇಲಿಗಳೂ ಕೆಲವು ದಿನಗಳಲ್ಲಿ ಸಕ್ಕರೆ ನೀರನ್ನೇ ಆರಿಸಲು ಕಲಿತವು ಎಂದು ಇವಾನ್ ಡಿ ಅರಾವುಜೊ ಮತ್ತು ಸಂಗಡಿಗರು ತೋರಿಸಿದರು. ಕ್ಯಾಲೊರಿ ಇಲ್ಲದ ಸುಕ್ರಲೋಸಿಗೆ ಆ ಕಲಿಕೆ ಆಗಲಿಲ್ಲ. ಕರುಳು ಗ್ಲೂಕೋಸನ್ನು ಗುರುತಿಸಿ ವೇಗಸ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ಜುಕರ್ ತಂಡವೇ 2020ರಲ್ಲಿ ವಿವರಿಸಿತು.

ಹಾಗಾಗಿ ಎರಡು ದಿನದ ಬಾಟಲಿ ಲೆಕ್ಕದಲ್ಲಿ ನಾಲಗೆ ಮತ್ತು ಕರುಳು ಎರಡೂ ಬೆರೆತಿರುತ್ತವೆ. ರುಚಿಯನ್ನಷ್ಟೇ ಅಳೆಯಬೇಕಾದರೆ ಕೆಲವೇ ಸೆಕೆಂಡುಗಳ ನೆಕ್ಕುವಿಕೆಯನ್ನು ಎಣಿಸುವ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ.