ಬೋನ್ ಪಟ್ಟಣದ ಕೂಲಿ ಲೆಕ್ಕ ಮತ್ತು ಆರು ಶತಮಾನದ ಬೇಸಿಗೆಗಳು

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಬೋನ್ ಎಂಬ ಚಿಕ್ಕ ಪಟ್ಟಣವಿದೆ. ಅಲ್ಲಿನ ನೋತ್ರ್ ದಾಮ್ ಚರ್ಚಿಗೆ ಸ್ವಂತ ದ್ರಾಕ್ಷಿ ತೋಟಗಳಿದ್ದವು. ಹಣ್ಣು ಮಾಗಿದಾಗ ಆಳುಗಳನ್ನು ಕರೆಸಿ ಕೊಯ್ಯಿಸಬೇಕು, ಅವರಿಗೆ ಕೂಲಿ ಕೊಡಬೇಕು, ಕೊಟ್ಟದ್ದನ್ನು ಲೆಕ್ಕದ ಪುಸ್ತಕಕ್ಕೆ ಏರಿಸಬೇಕು. ಯಾವ ದಿನ ಎಷ್ಟು ಜನಕ್ಕೆ ಎಷ್ಟು ಕೊಟ್ಟೆವು ಎಂದು ಬರೆಯುತ್ತಿದ್ದ ಕರಣಿಕನ ಮನಸ್ಸಿನಲ್ಲಿ ಹವಾಮಾನದ ಯೋಚನೆ ಇದ್ದಿರಲಾರದು. ಅವನಿಗೆ ಬೇಕಾಗಿದ್ದದ್ದು ಹಣದ ಲೆಕ್ಕ. ಆದರೆ 1354ರಿಂದ ಸಿಗುವ ಆ ಕೂಲಿ ದಿನಾಂಕಗಳ ಜೊತೆಗೆ ಪಟ್ಟಣದ ಸಭೆಯ ನಡಾವಳಿಗಳನ್ನೂ, ಈಚಿನ ಕಾಲದ ಪತ್ರಿಕಾ ವರದಿಗಳನ್ನೂ ಸೇರಿಸಿ ತೋಮಾ ಲಾಬೆ, ಕ್ರಿಶ್ಚಿಯನ್ ಫಿಸ್ಟರ್ ಮುಂತಾದ ಇತಿಹಾಸಕಾರರು 2018ರವರೆಗಿನ 664 ವರ್ಷಗಳ ಕೊಯ್ಲಿನ ಸರಣಿಯೊಂದನ್ನು ಕಟ್ಟಿ, 2019ರಲ್ಲಿ ಪ್ರಕಟಿಸಿದರು. ಬೇಸಿಗೆಯೊಂದು ವಿಪರೀತವಾದಾಗಲೆಲ್ಲ ಎದ್ದುನಿಲ್ಲುವ ಪ್ರಶ್ನೆಗೆ, ಅಂದರೆ ಇದು ಆ ವರ್ಷದ ಮಟ್ಟಿಗಿನ ಬಿಸಿಲೋ ಅಥವಾ ಕಾಲವೇ ಬದಲಾಗಿರುವುದರ ಗುರುತೋ ಎಂಬುದಕ್ಕೆ, ಇದರಷ್ಟು ನೆಚ್ಚಬಹುದಾದ ಉತ್ತರವನ್ನು ಕೊಡುವ ದಾಖಲೆಗಳು ಕೆಲವೇ ಇವೆ.

ದ್ರಾಕ್ಷಿ ಬಳ್ಳಿ ಉಷ್ಣಮಾಪಕದ ಕೆಲಸ ಮಾಡಬಲ್ಲದೇ? ಕರ್ನಾಟಕದ ಓದುಗರಿಗೆ ಈ ಸಂಶಯ ಬರುವುದು ಸಹಜ. ವಿಜಯಪುರದ ಬೆಳೆಗಾರರು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ. ಹಣ್ಣು ಯಾವಾಗ ಕೈಗೆ ಬರಬೇಕೆಂಬುದನ್ನು ಬಹುಮಟ್ಟಿಗೆ ಕತ್ತರಿ ಹಾಕಿದ ದಿನವೇ ತೀರ್ಮಾನಿಸುತ್ತದೆ. ಹಾಗಾಗಿ ನಮ್ಮ ದ್ರಾಕ್ಷಿಯ ಕೊಯ್ಲಿನ ದಿನಾಂಕದಿಂದ ಆ ವರ್ಷದ ಸೆಕೆಯನ್ನು ಅಳೆಯಲಾಗದು. ಬರ್ಗಂಡಿಯಲ್ಲಿ ಸಂಗತಿ ಬೇರೆ. ಚಳಿಗಾಲದಲ್ಲಿ ಬಳ್ಳಿ ಪೂರ್ತಿ ನಿದ್ರೆಗೆ ಜಾರುತ್ತದೆ. ವಸಂತದ ಬಿಸಿ ತಾಗಿದ ಮೇಲೆಯೇ ಚಿಗುರು, ಜೂನ್ ಹೊತ್ತಿಗೆ ಹೂವು, ಹೂವಾದ ಸುಮಾರು ನೂರು ದಿನಕ್ಕೆ ಹಣ್ಣು. ಏಪ್ರಿಲ್‌ನಿಂದ ಜುಲೈವರೆಗೆ ಬಿಸಿಲು ಜೋರಾಗಿದ್ದರೆ ಹಣ್ಣು ಬೇಗ ಮಾಗುತ್ತದೆ, ತಂಪಾಗಿದ್ದರೆ ತಡವಾಗುತ್ತದೆ. ಇದು ಊಹೆಯ ಮಾತಲ್ಲ. ಪ್ಯಾರಿಸ್‌ನಲ್ಲಿ 17ನೇ ಶತಮಾನದ ಮಧ್ಯದಿಂದ ಉಷ್ಣಮಾಪಕದ ದಾಖಲೆ ಸಿಗುತ್ತದೆ. ಬೋನ್‌ನ ದಿನಾಂಕಗಳನ್ನು ಅದರ ಪಕ್ಕದಲ್ಲಿಟ್ಟು ಪರೀಕ್ಷಿಸಲಾಗಿದೆ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬಾರದೆ ಹೋದಾಗ ಫ್ರಾನ್ಸಿನ ದ್ರಾಕ್ಷಿ ಅಕ್ಟೋಬರ್ ಬಂದರೂ ಮಾಗಿರಲಿಲ್ಲ. ಭೂಗೋಳದ ಇನ್ನೊಂದು ಮಗ್ಗುಲಲ್ಲಿ ಏರಿದ ಬೂದಿ, ಗಂಧಕದ ಮುಸುಕು ಬರ್ಗಂಡಿಯ ಕೂಲಿಯಾಳಿನ ದಿನಚರಿಯನ್ನು ಬದಲಿಸಿತ್ತು.

ಆದರೆ ಕೊಯ್ಯುವವನು ಮನುಷ್ಯ. ಕಳ್ಳರ ಹೆದರಿಕೆಗೆ ಬೇಗ ಕೊಯ್ಯಬಹುದು, ಒಳ್ಳೆಯ ವೈನ್ ಬೇಕೆಂದು ಕಾಯಬಹುದು, ಯುದ್ಧವೋ ಪ್ಲೇಗೋ ಬಂದರೆ ಆಳು ಸಿಗದೆ ತಡವಾಗಬಹುದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇದರ ತೀವ್ರತೆಯನ್ನು ತಗ್ಗಿಸುವುದು ಆ ಕಸುಬಿನದೇ ಒಂದು ಕಟ್ಟಳೆ. ‘ಬಾನ್ ದೆ ವಾಂದಾಂಜ್’ ಎಂದು ಅದರ ಹೆಸರು, ಅಂದರೆ ಕೊಯ್ಲಿನ ಘೋಷಣೆ. ಅನುಭವಸ್ಥರು ತೋಟ ಸುತ್ತಿ, ಹಣ್ಣನ್ನು ನೋಡಿ ಬಂದು ಹೇಳಬೇಕು. ಆಮೇಲೆ ಪಟ್ಟಣದ ಸಭೆ ದಿನ ಗೊತ್ತುಮಾಡಬೇಕು. ಅದಕ್ಕೆ ಮೊದಲು ಯಾರೂ ಗೊಂಚಲಿಗೆ ಕತ್ತಿ ತಾಗಿಸುವಂತಿಲ್ಲ. ಕಂದಾಯ, ಚರ್ಚಿನ ಪಾಲು, ಕಾವಲು, ಆಳುಗಳ ಹೊಂದಾಣಿಕೆ, ಊರಿನ ವೈನಿನ ಹೆಸರು, ಎಲ್ಲವೂ ಈ ಕಟ್ಟಳೆಯ ಹಿಂದಿದ್ದವು. ಒಬ್ಬನ ಆತುರಕ್ಕಿಂತ ಊರಿನ ತೀರ್ಮಾನವೇ ದಾಖಲಾದದ್ದರಿಂದ ಈ ಸರಣಿಗೆ ತೂಕ ಬಂದಿದೆ. ಹಾಗೆಂದು ಹಳೆಯ ಕಾಗದವನ್ನು ಕಣ್ಣುಮುಚ್ಚಿ ನಂಬಿದ್ದೂ ಅಲ್ಲ. 19ನೇ ಶತಮಾನದಲ್ಲಿ ಅಚ್ಚಾಗಿ, ಬಹುಕಾಲ ಎಲ್ಲರೂ ಎತ್ತಿ ಬಳಸುತ್ತಿದ್ದ ಬರ್ಗಂಡಿಯ ಡಿಜೋನ್ ಪಟ್ಟಣದ ಪಟ್ಟಿಯಲ್ಲಿ ತಪ್ಪುಗಳಿದ್ದವು. ಮೂಲ ಕಡತಗಳಿಗೆ ಹಿಂದಿರುಗಿ ಅವನ್ನು ತಿದ್ದಬೇಕಾಯಿತು. 1582ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಹೊಸ ಪಂಚಾಂಗಕ್ಕೆ ಬದಲಾದಾಗ ಹತ್ತು ದಿನಗಳನ್ನು ಕೈಬಿಟ್ಟಿತು. ಅದನ್ನು ಸರಿದೂಗಿಸದೆ ಅದಕ್ಕಿಂತ ಹಿಂದಿನ ಬೇಸಿಗೆಗಳನ್ನು ಇಂದಿನವುಗಳೊಂದಿಗೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. 1967ರಲ್ಲಿ ಹವಾಮಾನದ ಇತಿಹಾಸವನ್ನು ಬರೆದ ಎಮ್ಯಾನುಯೆಲ್ ಲ ರಾಯ್ ಲಾದುರಿ ದ್ರಾಕ್ಷಿ ಕೊಯ್ಲಿನ ದಿನಾಂಕಗಳನ್ನು ಇತಿಹಾಸದ ಆಧಾರವಾಗಿ ನಿಲ್ಲಿಸಿದ್ದೂ ಇಂಥ ಎಚ್ಚರದಿಂದಲೇ.

ಇನ್ನು ಎಲ್ಲರೂ ಆಡುವ ಆಕ್ಷೇಪ: ಹಿಂದೆಯೂ ಸುಡುಬಿಸಿಲು ಇರಲಿಲ್ಲವೇ? ಇತ್ತು. ಬೆಂಗಳೂರಿನಲ್ಲಿ ಉರಿ ಏರಿದಾಗಲೂ ಇದೇ ಮಾತು ಬರುತ್ತದೆ. 1931ರ ಮೇ ತಿಂಗಳಲ್ಲೇ ಅಲ್ಲಿ 38.9 ಡಿಗ್ರಿ ದಾಖಲಾಗಿತ್ತು. ಯುರೋಪಿನಲ್ಲಂತೂ 1540ರ ಬೇಸಿಗೆಯನ್ನು ಮೀರಿಸಿದ ಕಥೆ ಸಿಗುವುದು ಕಷ್ಟ. ಖಂಡದ ಮಧ್ಯಭಾಗದಲ್ಲಿ ಸುಮಾರು ಹನ್ನೊಂದು ತಿಂಗಳು ಮಳೆ ಇಲ್ಲವೆಂಬಷ್ಟು ಕಡಿಮೆ. ರೈನ್ ನದಿಯನ್ನು ಕೆಲವೆಡೆ ಜನ ನಡೆದೇ ದಾಟಿದರು. ಕಾಡಿಗೆ ಬೆಂಕಿ ಬಿತ್ತು, ದ್ರಾಕ್ಷಿ ಬಳ್ಳಿಯಲ್ಲೇ ಒಣಗಿತು. ಅಂದು ಗಾಳಿಯಲ್ಲಿ ಕಲ್ಲಿದ್ದಲಿನ ಹೊಗೆ ಇಂದಿನಷ್ಟು ಇರಲಿಲ್ಲ, ಮೋಟಾರು ಇರಲೇ ಇಲ್ಲ. ಆದ್ದರಿಂದ ಒಂದು ಬೇಸಿಗೆ ವಿಪರೀತವಾಯಿತೆಂದ ಮಾತ್ರಕ್ಕೆ ಹವಾಮಾನ ಬದಲಾಯಿತೆಂದು ಹೇಳುವವರು ತಪ್ಪುತ್ತಾರೆ. 1540ನ್ನು ತೋರಿಸಿ ಏನೂ ಬದಲಾಗಿಲ್ಲ ಎನ್ನುವವರು ಮಾಡುವುದೂ ಅದೇ ತಪ್ಪನ್ನೇ: ಇಬ್ಬರೂ ಒಂದೊಂದು ವರ್ಷವನ್ನು ಕಿತ್ತು ಹಿಡಿದು ವಾದಿಸುತ್ತಾರೆ.

ವರ್ಷವನ್ನು ಅದರ ಸಾಲಿನಲ್ಲೇ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬೋನ್‌ನಲ್ಲಿ 1354ರಿಂದ 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಶುರುವಾಗುತ್ತಿತ್ತು. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಹಿಂದಕ್ಕೆ ಸರಿದಿದೆ. 664 ವರ್ಷಗಳಲ್ಲಿ ಕೊಯ್ಲು ಅತಿ ಬೇಗ ನಡೆದ ನೂರಕ್ಕೆ ಐದರಷ್ಟು ವರ್ಷಗಳನ್ನು ಆರಿಸಿ, ಅವು ಎಲ್ಲೆಲ್ಲಿ ಬೀಳುತ್ತವೆಂದು ನೋಡೋಣ. 1393ರಿಂದ 1719ರ ನಡುವೆ ಅಂಥವು 21, ಸುಮಾರು ಹದಿನೈದು ವರ್ಷಕ್ಕೊಂದು. 1720ರಿಂದ 2002ರವರೆಗೆ ಬರೀ 5. ಅಂದರೆ ಅಂಥ ಒಂದು ಬೇಸಿಗೆಯನ್ನು ಕಂಡವರಿಗೆ ಬದುಕಿನಲ್ಲಿ ಇನ್ನೊಂದನ್ನು ಕಾಣುವ ಖಾತ್ರಿ ಇರಲಿಲ್ಲ. 2003ರಿಂದ 2018ರ ಹದಿನಾರು ವರ್ಷಗಳಲ್ಲಿ 8. ಅಜ್ಜ ಮೊಮ್ಮಕ್ಕಳಿಗೆ ಹೇಳುವಂತಿದ್ದ ಬೇಸಿಗೆ ಎರಡು ವರ್ಷಕ್ಕೊಮ್ಮೆ ಬರತೊಡಗಿತು. ವಿಪರೀತ ಎಂಬ ಪದಕ್ಕೆ ಬೋನ್‌ನಲ್ಲಿ ಆರು ನೂರು ವರ್ಷ ಇದ್ದ ಅರ್ಥ ಒಂದೇ ತಲೆಮಾರಿನಲ್ಲಿ ಸವೆದುಹೋಯಿತು. 2003ರಲ್ಲಿ ಕೊಯ್ಲು ಆಗಸ್ಟ್‌ನಲ್ಲೇ ಶುರುವಾಯಿತು, ಮತ್ತು ಆ ಆಗಸ್ಟ್‌ನ ಸೆಕೆಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ವಯಸ್ಸಾದವರು. ದಿನಾಂಕಗಳ ಸರಣಿಯನ್ನು ಚರ್ಚಿಸುವಾಗ ಈ ಸಾವುಗಳನ್ನು ಮರೆಯುವಂತಿಲ್ಲ.

ಎಷ್ಟು ಸಲ ಎಂಬುದಕ್ಕಿಂತಲೂ ನನಗೆ ಬಲವಾಗಿ ಕಾಣುವ ಇನ್ನೊಂದು ಆಧಾರವಿದೆ. ಮಣ್ಣಿನ ಗಡಿಗೆ ನೀರನ್ನು ತಂಪಾಗಿಡುವುದು ಬೆವರುವುದರಿಂದ. ಮೈ ಒಣಗಿದರೆ ಗಡಿಗೆಯೂ ಕಾಯುತ್ತದೆ. ನೆಲವೂ ಹಾಗೆಯೇ. ತೇವವಿದ್ದಷ್ಟು ದಿನ ಸೂರ್ಯನ ಶಾಖದ ಒಂದು ಪಾಲು ಆ ತೇವವನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ; ನೆಲ ಒಣಗಿದ ಮೇಲೆ ಆ ಪಾಲೂ ಗಾಳಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಹಿಂದಿನ ಶತಮಾನಗಳಲ್ಲಿ ಫ್ರಾನ್ಸಿನ ಅತಿ ಬಿಸಿಯ ಬೇಸಿಗೆಗಳ ಬೆನ್ನಿಗೆ ಸಾಮಾನ್ಯವಾಗಿ ಬರಗಾಲ ಇರುತ್ತಿದ್ದದ್ದು ಇದೇ ಕಾರಣಕ್ಕೆ. ಕೊಯ್ಲು ಬಹಳ ಬೇಗ ಬರಬೇಕಾದರೆ ಮಳೆ ಕೈಕೊಟ್ಟಿರಬೇಕಿತ್ತು. ಅಮೆರಿಕದ ಬೆಂಜಮಿನ್ ಕುಕ್ ಮತ್ತು ಎಲಿಜಬೆತ್ ವೊಲ್ಕೊವಿಚ್ 1600ರಿಂದ 2007ರವರೆಗಿನ ಫ್ರಾನ್ಸ್, ಸ್ವಿಟ್ಜರ್ಲೆಂಡ್ ಕೊಯ್ಲುಗಳನ್ನು ಪರಿಶೀಲಿಸಿ 2016ರಲ್ಲಿ ತೋರಿಸಿದ್ದು ಇಷ್ಟು: 1980ರ ದಶಕದಿಂದ ಈಚೆಗೆ ಆ ನಂಟು ಸಡಿಲವಾಗಿದೆ. ಬರವಿಲ್ಲದಿದ್ದರೂ ಕೊಯ್ಲು ಬೇಗ ಬರುತ್ತದೆ, ನೆಲ ಒಣಗಿಸಿಕೊಡುತ್ತಿದ್ದ ನೆರವಿಲ್ಲದೆಯೇ ಗಾಳಿ ಅಷ್ಟು ಕಾಯುತ್ತಿದೆ. ಹವಾಮಾನಕ್ಕೆ ತನ್ನದೇ ಏರಿಳಿತವಿದೆ, ಇದೂ ಅದರಲ್ಲೊಂದು ಎನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ. ಹಳೆಯ ಏರಿಳಿತವೇ ಮರಳಿದ್ದರೆ ಹಳೆಯ ಕಾರಣವೂ ಜೊತೆಯಲ್ಲಿ ಮರಳಬೇಕಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ಬೇಸಿಗೆಯ ತಳವೇ ಮೇಲೆದ್ದಿದೆ ಎಂಬ ವಿವರಣೆ ಈ ಬದಲಾವಣೆಗೆ ಹೊಂದುವಷ್ಟು ಬೇರೆ ಯಾವುದೂ ಹೊಂದುವುದಿಲ್ಲ.

ಬೆಳೆಗಾರರ ರುಚಿ ಬದಲಾದದ್ದರಿಂದ ದಿನಾಂಕ ಹಿಂದೆ ಸರಿದಿರಬಹುದೆಂಬ ವಾದವೊಂದು ಉಳಿಯುತ್ತದೆ. ಬಿಸಿ ಹೆಚ್ಚಾದಾಗ ಹಣ್ಣಿನ ಹುಳಿ ಇಳಿಯುತ್ತದೆ, ಅದನ್ನು ಉಳಿಸಿಕೊಳ್ಳಲು ಕೆಲವರು ಈಗ ಬೇಗ ಕೊಯ್ಯುತ್ತಾರೆ ಎಂಬುದು ದಿಟ. ಆದರೆ ಹುಳಿ ಇಳಿಯುವುದೇ ಬಿಸಿಯಿಂದ. ಅದಲ್ಲದೆ 20ನೇ ಶತಮಾನದ ಕೊನೆಯಲ್ಲಿ ಮಾರುಕಟ್ಟೆ ಕೇಳುತ್ತಿದ್ದದ್ದು ಚೆನ್ನಾಗಿ ಮಾಗಿದ ಹಣ್ಣಿನ ವೈನನ್ನು. ಆ ರುಚಿ ಕೊಯ್ಲನ್ನು ಮುಂದೂಡಿಸಬೇಕಿತ್ತು, ಹಿಂದಕ್ಕೆ ಎಳೆಯುವಂತಿರಲಿಲ್ಲ.

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ನಮ್ಮ ಬಹುತೇಕ ಊರುಗಳ ಉಷ್ಣಮಾಪಕದ ದಾಖಲೆ ಅದಕ್ಕಿಂತಲೂ ಚಿಕ್ಕದು. ಅದಕ್ಕೂ ಹಿಂದಿನ ಬೇಸಿಗೆ, ಮಳೆಗಳ ಸುದ್ದಿ ಸಿಗುವುದಿದ್ದರೆ ಬೋನ್‌ನಲ್ಲಿ ಸಿಕ್ಕಂಥ ಕಡೆಯೇ ಸಿಗಬೇಕು: ಮಠ, ದೇವಸ್ಥಾನಗಳ ಕಡತಗಳಲ್ಲಿ, ಜಮೀನಿದ್ದ ಮನೆತನಗಳ ಲೆಕ್ಕದ ಪುಸ್ತಕಗಳಲ್ಲಿ, ಕೊಯ್ಲಿನ ಕೂಲಿ, ಕೆರೆಯ ತೂಬು ತೆಗೆದ ದಿನ, ಬಿತ್ತನೆಗೆ ಬೀಜ ಅಳೆದುಕೊಟ್ಟ ದಿನ ಬರೆದಿಟ್ಟ ಸಾಲುಗಳಲ್ಲಿ. ಅಟ್ಟದ ಮೇಲೆ ಅಂಥ ಪುಸ್ತಕ ಇರುವವರು ಅದನ್ನು ಗುಜರಿಗೆ ಹಾಕಬೇಡಿ. ಗೆದ್ದಲು ಹಿಡಿಯುವ ಮೊದಲು ಹತ್ತಿರದ ಪತ್ರಾಗಾರಕ್ಕೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಒಮ್ಮೆ ತೋರಿಸಿ.