ಕೃತಕ ಎರೆಗಳ ಕನ್ನಡಿ ಕ್ರೋಮ್ ಲೇಪನ

ಕನ್ನಡಿ ಕ್ರೋಮ್ ಲೇಪನವು ಗಾಳದ ಮೀನುಗಾರಿಕೆಯಲ್ಲಿ ಬಳಸುವ ಕೃತಕ ಎರೆಗಳಿಗೆ ಕನ್ನಡಿಯಂತಹ ಬೆಳ್ಳಿಯ ಹೊಳಪನ್ನು ನೀಡುವ ವಿಧಾನ. ಮರ, ಕಾರ್ಕ್ ಅಥವಾ ಪ್ಲಾಸ್ಟಿಕ್ಕಿನಿಂದ ಸಣ್ಣ ಮೀನಿನ ಆಕಾರದಲ್ಲಿ ತಯಾರಿಸಿದ ಎರೆಯು ನೀರಿನಲ್ಲಿ ಜೀವಂತ ಮೀನಿನಂತೆ ಮಿಂಚಿ, ಬೇಟೆಗಾರ ಮೀನುಗಳನ್ನು ಸೆಳೆಯಬೇಕೆಂಬುದು ಇದರ ಉದ್ದೇಶ. 'ಕ್ರೋಮ್' ಎಂಬ ಹೆಸರಿದ್ದರೂ ಮನೆಯಲ್ಲಿ ಬಳಸುವ ಇಂತಹ ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ರೋಮಿಯಂ ಅಲ್ಲ. ಅಲ್ಯೂಮಿನಿಯಂನ ಅತಿ ಸೂಕ್ಷ್ಮ ಚಕ್ಕೆಗಳು.

ಮೀನಿನ ಸಹಜ ಹೊಳಪು

ಮೀನಿನ ಮೈಯ ಬೆಳ್ಳಿ ಹೊಳಪಿಗೆ ಅದರ ಚರ್ಮ ಮತ್ತು ಹುರುಪೆಗಳಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ತೆಳುವಾದ ಹರಳುಗಳು ಕಾರಣ. ಈ ಹರಳುಗಳು ಪದರ ಪದರವಾಗಿ ಜೋಡಣೆಗೊಂಡು ಬೆಳಕನ್ನು ಪ್ರತಿಫಲಿಸುತ್ತವೆ. ಬ್ರಿಟಿಷ್ ವಿಜ್ಞಾನಿ ಎರಿಕ್ ಡೆಂಟನ್ ಈ ರಚನೆಯನ್ನು ವಿವರವಾಗಿ ಅಧ್ಯಯನ ಮಾಡಿದರು. ನೆಟ್ಟಗೆ ಈಜುವ ಮೀನಿನ ಪಾರ್ಶ್ವವು ಸುತ್ತಲಿನ ನೀರಿನ ಬೆಳಕನ್ನೇ ಪ್ರತಿಫಲಿಸುವುದರಿಂದ ಅದು ಕಣ್ಣಿಗೆ ಸುಲಭವಾಗಿ ಬೀಳದು. ಮೀನು ಗಾಯಗೊಂಡು ಅಥವಾ ತಿರುಗಿ ವಾಲಿದಾಗ ಮೇಲಿನ ಬೆಳಕು ತಟ್ಟಿ ಮಿಂಚು ಹೊಮ್ಮುತ್ತದೆ. ಆದುದರಿಂದ ಎರೆಯ ಹೊಳಪು ಎಷ್ಟು ಮುಖ್ಯವೋ ಅದರ ಓಲಾಟವೂ ಅಷ್ಟೇ ಮುಖ್ಯ.

ಇತಿಹಾಸ

ಹೊಳೆಯುವ ಲೋಹದ ಎರೆಗಳು ಬಹಳ ಹಿಂದಿನಿಂದಲೂ ಬಳಕೆಯಲ್ಲಿವೆ. ಅಮೆರಿಕದ ಜೂಲಿಯೋ ಬ್ಯುಯೆಲ್ ಎಂಬವರು 1852ರಲ್ಲಿ ಚಮಚದಾಕಾರದ ಲೋಹದ ಎರೆಗೆ ಪೇಟೆಂಟ್ ಪಡೆದರು. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲ 1936ರಲ್ಲಿ ಕಾರ್ಕ್ ತುಂಡನ್ನು ಕೆತ್ತಿ, ಚಾಕೊಲೇಟಿಗೆ ಸುತ್ತಿದ್ದ ಲೋಹದ ಹಾಳೆಯನ್ನು ಅದಕ್ಕೆ ಹೊದಿಸಿ, ಛಾಯಾಚಿತ್ರದ ನೆಗೆಟಿವ್‌ಗಳನ್ನು ಕರಗಿಸಿ ರಕ್ಷಣಾ ಲೇಪವಾಗಿ ಬಳಸಿದರು. ದುಬಾರಿ ಸಾಮಗ್ರಿಯಿಲ್ಲದೆ ಮನೆಯಲ್ಲಿಯೇ ಹೊಳಪು ಸಾಧಿಸಿದುದಕ್ಕೆ ಇದು ಪ್ರಸಿದ್ಧ ಉದಾಹರಣೆ. ಜಪಾನಿನ ಕೈಕಸುಬಿನ ಎರೆ ತಯಾರಕರು ಇಂದಿಗೂ ಬಾಲ್ಸಾ ಮರಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ, ಸೆಲ್ಯುಲೋಸ್ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುವ ಕ್ರಮವನ್ನು ಅನುಸರಿಸುತ್ತಾರೆ.

ತತ್ತ್ವ

ಮೇಲ್ಮೈಯ ಒರಟುತನವು ಬೆಳಕಿನ ತರಂಗಾಂತರಕ್ಕಿಂತ ಬಹಳ ಕಡಿಮೆಯಿದ್ದಾಗ ಮಾತ್ರ ಸ್ಪಷ್ಟ ಪ್ರತಿಬಿಂಬ ಮೂಡುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಸಾಮಾನ್ಯ ಬೆಳ್ಳಿ ಬಣ್ಣದಲ್ಲಿ ಚಕ್ಕೆಗಳು ದಪ್ಪವಾಗಿದ್ದು ಅಡ್ಡಾದಿಡ್ಡಿಯಾಗಿ ನಿಲ್ಲುವುದರಿಂದ ಬೆಳಕು ಚದುರಿ ಬೂದು ಛಾಯೆ ಉಂಟಾಗುತ್ತದೆ. ಕ್ರೋಮ್ ಬಣ್ಣದಲ್ಲಿ ಅತಿ ತೆಳುವಾದ ಚಕ್ಕೆಗಳು, ದ್ರಾವಕವು ಆವಿಯಾಗುತ್ತಿದ್ದಂತೆ, ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗುತ್ತವೆ.

ಲೇಪನದ ಕ್ರಮ

ಮರದ ಎರೆಯಾದರೆ ಮೊದಲು ಅದನ್ನು ಎಪಾಕ್ಸಿ ಅಥವಾ ವಾರ್ನಿಷ್‌ನಿಂದ ಮುಚ್ಚಬೇಕು. ಇಲ್ಲವಾದರೆ ತೇವ ಹೀರಿದ ಮರದ ಎಳೆಗಳು ಉಬ್ಬಿ ಲೇಪನವು ಬಿರಿಯುತ್ತದೆ. ಬಳಿಕ ಪ್ರೈಮರ್ ಹಚ್ಚಿ, 400, 600, 1000, 2000 ಹೀಗೆ ಕ್ರಮವಾಗಿ ನಯವಾದ ಸ್ಯಾಂಡ್‌ಪೇಪರಿನಿಂದ ನೀರು ಹಾಕಿ ಉಜ್ಜಲಾಗುತ್ತದೆ.

ಮುಂದಿನ ಹಂತವು ಹೊಳಪಿನ ಕಪ್ಪು ತಳಬಣ್ಣ. ಚಕ್ಕೆಗಳ ನಡುವಿನ ಸಂದುಗಳಲ್ಲಿ ಬೀಳುವ ಬೆಳಕನ್ನು ಕಪ್ಪು ಬಣ್ಣವು ಹೀರಿಕೊಳ್ಳುವುದರಿಂದ ಪ್ರತಿಬಿಂಬಕ್ಕೆ ಆಳ ಬರುತ್ತದೆ. ಈ ತಳದ ಗುಣಮಟ್ಟವೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಇದರಲ್ಲಿರುವ ಧೂಳಿನ ಕಣ, ಗೀರು ಅಥವಾ ಬೆರಳಚ್ಚನ್ನು ಕ್ರೋಮ್ ಮರೆಮಾಚುವುದಿಲ್ಲ, ಎತ್ತಿ ತೋರಿಸುತ್ತದೆ.

ತಳಬಣ್ಣವು ಪೂರ್ಣವಾಗಿ ಗಟ್ಟಿಯಾದ ನಂತರ ಕ್ರೋಮ್ ಬಣ್ಣವನ್ನು ಏರ್‌ಬ್ರಷ್‌ನಿಂದ ಕಡಿಮೆ ಒತ್ತಡದಲ್ಲಿ, ಅತಿ ತೆಳುವಾದ ಪದರಗಳಾಗಿ ಸಿಂಪಡಿಸಲಾಗುತ್ತದೆ. ಕಪ್ಪು ಮರೆಯಾಗಿ ಪ್ರತಿಬಿಂಬ ಕಾಣಿಸಿಕೊಂಡ ಕ್ಷಣದಲ್ಲಿಯೇ ನಿಲ್ಲಿಸುವುದು ಉತ್ತಮ. ಹೆಚ್ಚು ಬಣ್ಣ ಬಿದ್ದರೆ ಚಕ್ಕೆಗಳು ಒಂದರ ಮೇಲೊಂದು ರಾಶಿಯಾಗಿ ಹೊಳಪು ಮತ್ತೆ ಬೂದಾಗುತ್ತದೆ.

ಮೇಲ್ಲೇಪದ ಸಮಸ್ಯೆ

ಕ್ರೋಮ್ ಪದರವು ಬಹಳ ಸೂಕ್ಷ್ಮವಾದುದು. ಕಲ್ಲು, ಮೀನಿನ ಹಲ್ಲು ಮತ್ತು ಗಾಳದ ಕೊಕ್ಕೆಗಳ ಉಜ್ಜಾಟದಿಂದ ಕಾಪಾಡಲು ಪಾರದರ್ಶಕ ಮೇಲ್ಲೇಪ ಅನಿವಾರ್ಯ. ಆದರೆ ಅನೇಕರ ಶ್ರಮ ವ್ಯರ್ಥವಾಗುವುದು ಈ ಹಂತದಲ್ಲಿಯೇ. ಮೇಲ್ಲೇಪದಲ್ಲಿರುವ ದ್ರಾವಕವು ಕೆಳಗಿನ ಪದರವನ್ನು ಮೆದುಗೊಳಿಸಿದರೆ ಚಕ್ಕೆಗಳು ಕದಲಿ, ಕನ್ನಡಿಯು ಕ್ಷಣಮಾತ್ರದಲ್ಲಿ ಮಂಕಾಗುತ್ತದೆ.

ಇದನ್ನು ತಡೆಯಲು ಕ್ರೋಮ್ ಪದರವನ್ನು ತಯಾರಕರು ಸೂಚಿಸಿದಷ್ಟು ಕಾಲ ಒಣಗಲು ಬಿಡಬೇಕು. ಆ ಪದರವನ್ನು ಕರಗಿಸದ ಮೇಲ್ಲೇಪವನ್ನು ಆರಿಸಿ, ಮೊದಲ ಪದರವನ್ನು ಮಂಜಿನಂತೆ ಲಘುವಾಗಿ ಸಿಂಪಡಿಸಬೇಕು. ನೀರು ಆಧಾರಿತ ವಾರ್ನಿಷ್, ದ್ರಾವಕರಹಿತ ಎಪಾಕ್ಸಿ ಮತ್ತು ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗುವ ರಾಳಗಳು ಬಳಕೆಯಲ್ಲಿವೆ. ಎಪಾಕ್ಸಿ ಇಳಿದು ಗಂಟಾಗದಂತೆ ಎರೆಯನ್ನು ನಿಧಾನವಾಗಿ ತಿರುಗಿಸುತ್ತಾ ಒಣಗಿಸಲಾಗುತ್ತದೆ. ಆದರೆ ಬಿಸಿಲಿಗೆ ಎಪಾಕ್ಸಿ ಕ್ರಮೇಣ ಹಳದಿಯಾಗುತ್ತದೆ. ಯಾವ ಮೇಲ್ಲೇಪ ಬಳಸಿದರೂ ಸ್ವಲ್ಪ ಹೊಳಪು ಕುಗ್ಗುವುದು ಸಹಜ. ಆದಕಾರಣ ಎರಡು ಬಣ್ಣಗಳ ಹೊಂದಾಣಿಕೆಯನ್ನು ಪ್ಲಾಸ್ಟಿಕ್ ಚಮಚದ ಮೇಲೆ ಮುಂಚಿತವಾಗಿ ಪರೀಕ್ಷಿಸುವುದು ಒಳ್ಳೆಯದು.

ಪರ್ಯಾಯ ವಿಧಾನಗಳು

ಪಾರದರ್ಶಕ ಪ್ಲಾಸ್ಟಿಕ್ಕಿನ ಟೊಳ್ಳು ಎರೆಯಾದರೆ ಎರಡು ಹೋಳುಗಳನ್ನು ಅಂಟಿಸುವ ಮೊದಲು ಒಳಬದಿಗೆ ಕ್ರೋಮ್ ಬಣ್ಣವನ್ನೂ ಅದರ ಹಿಂದೆ ಕಪ್ಪು ಬಣ್ಣವನ್ನೂ ಹಚ್ಚಬಹುದು. ಇಲ್ಲಿ ಪ್ಲಾಸ್ಟಿಕ್ಕೇ ರಕ್ಷಾಕವಚವಾಗುವುದರಿಂದ ಮೇಲ್ಲೇಪದ ಸಮಸ್ಯೆ ಉದ್ಭವಿಸದು. ಅಂಟುಳ್ಳ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಹುರುಪೆಯ ಗುರುತನ್ನು ಒತ್ತಿ ಅಂಟಿಸುವುದು ಅಗ್ಗದ ಹಾಗೂ ಬಾಳಿಕೆಯ ಮಾರ್ಗ. ಉಬ್ಬುತಗ್ಗಿನ ಭಾಗಗಳಲ್ಲಿ ಮಾತ್ರ ಸುಕ್ಕು ಬೀಳುತ್ತದೆ. ಕಾರ್ಖಾನೆಗಳಲ್ಲಿ ನಿರ್ವಾತ ಕೋಣೆಯೊಳಗೆ ಅಲ್ಯೂಮಿನಿಯಂ ಅನ್ನು ಆವಿಯಾಗಿಸಿ ಪ್ಲಾಸ್ಟಿಕ್ಕಿನ ಮೇಲೆ ಕೂರಿಸುತ್ತಾರೆ.

ಸುರಕ್ಷತೆ

ಕ್ರೋಮ್ ಬಣ್ಣ ಮತ್ತು ತಿನ್ನರ್‌ಗಳ ಆವಿಯು ಬಹುಮಟ್ಟಿಗೆ ದಹನಶೀಲ ಹಾಗೂ ಶ್ವಾಸಕೋಶಕ್ಕೆ ಹಾನಿಕರ. ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರದಲ್ಲಿ ಕೆಲಸ ಮಾಡಬೇಕು. ಬಟ್ಟೆಯ ಮುಖಗವಸು ಆವಿಯನ್ನು ತಡೆಯಲಾರದು. ರಾಸಾಯನಿಕ ಆವಿಗೆಂದೇ ತಯಾರಿಸಿದ ಶೋಧಕವುಳ್ಳ ಮುಖವಾಡ ಬೇಕು. ಎರಡು ಭಾಗಗಳನ್ನು ಬೆರೆಸಿ ಬಳಸುವ ಯುರೆಥೇನ್ ಮೇಲ್ಲೇಪದಲ್ಲಿರುವ ಐಸೊಸಯನೇಟ್‌ಗಳು ಆಸ್ತಮಾ ಉಂಟುಮಾಡಬಲ್ಲವು. ನಿಜವಾದ ಕ್ರೋಮಿಯಂ ವಿದ್ಯುಲ್ಲೇಪನದಲ್ಲಿ ಸಾಂಪ್ರದಾಯಿಕವಾಗಿ ಬಳಸುವ ಷಡ್ವೇಲೆನ್ಸಿಯ ಕ್ರೋಮಿಯಂ ಸಂಯುಕ್ತಗಳು ಕ್ಯಾನ್ಸರ್‌ಕಾರಕವಾದುದರಿಂದ ಅದನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಉಳಿದ ಬಣ್ಣ, ತಿನ್ನರ್‌ಗಳನ್ನು ಚರಂಡಿಗಾಗಲಿ ಕೆರೆ ಹೊಳೆಗಳಿಗಾಗಲಿ ಸುರಿಯಕೂಡದು.